ನೋವು ನಿಂತ ಹಲ್ಲು

ಹಲ್ಲಿನ ವಿಷಯದಲ್ಲಿ ನಮ್ಮ ಜನರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರುವ ನಂಬಿಕೆಗಳು ಹಲವಿದ್ದು, ಅವುಗಳಲ್ಲಿ ಬಹುಪಾಲನ್ನು ಕೇಳಿಯೂ ಸುಮ್ಮನಿರುವುದು ಸಾಧ್ಯ. ಹುಳುಕು ಹಲ್ಲಿನೊಳಗೆ ಹುಳುವಿದೆಯೆಂದು ಹೊಗೆ ಹಿಡಿಸಿಕೊಳ್ಳುವವರು ಈಗ ವಿರಳವಾಗಿದ್ದಾರೆ. ಆ ಹುಳುವಿನ ವಾದವನ್ನು ಫ್ರಾನ್ಸಿನ ಪಿಯೆರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿಯೇ ತಳ್ಳಿಹಾಕಿದ್ದನು. ರೂಟ್ ಕೆನಾಲ್ ಎಂದರೆ ಯಮಯಾತನೆಯೆಂಬ ಮಾತು, ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹಿಡಿದವರ ಬಾಯಿಂದ ಸಾಮಾನ್ಯವಾಗಿ ಹೊರಡುವುದಿಲ್ಲ. ನೋಯುವ ಹಲ್ಲಿನ ಬುಡಕ್ಕೆ ಹೊಗೆಸೊಪ್ಪನ್ನು ಒತ್ತಿಟ್ಟುಕೊಂಡರೆ ವಸಡು ಸುಡುವುದಲ್ಲದೆ ಬೇರೆ ಫಲವಿಲ್ಲ. ಆದರೆ, ರಾತ್ರಿಯೆಲ್ಲ ಕೆನ್ನೆ ಹಿಡಿದು ಕುಳಿತು ಬೆಳಗು ಮಾಡಿದವರೇ ಒಂದು ವಾರ ಕಳೆದ ಮೇಲೆ ನಗುಮುಖದಿಂದ, “ನೋವು ತಾನಾಗಿಯೇ ಹೋಯಿತು ಡಾಕ್ಟ್ರೇ, ಹಲ್ಲು ವಾಸಿಯಾಯಿತು, ಇನ್ನೇನೂ ಬೇಡ” ಎಂದು ಹೇಳುವುದನ್ನು ಕೇಳಿದಾಗ ನನ್ನ ಸಹನೆ ಮೀರುತ್ತದೆ. ಏಕೆಂದರೆ ಅವರು ವಾಸಿಯೆಂದು ಕರೆಯುತ್ತಿರುವುದು ಮರಣವನ್ನು.

ಹಲ್ಲಿನ ಗರ್ಭದಲ್ಲಿ ನರಗಳೂ ರಕ್ತನಾಳಗಳೂ ಕೂಡಿದ ಮೃದುವಾದ ಮಜ್ಜೆಯಿದೆ. ಶರೀರದ ಬೇರೆ ಭಾಗಗಳಿಗೆ ಉರಿಯೂತ ಬಂದರೆ ಅವು ಊದಿಕೊಳ್ಳುವುದಕ್ಕೆ ಸುತ್ತಮುತ್ತ ಅಷ್ಟಿಷ್ಟು ಎಡೆಯಿರುತ್ತದೆ; ಮಜ್ಜೆಗಾದರೋ ನಾಲ್ಕು ಕಡೆಯೂ ಬಗ್ಗದ ಗೋಡೆ, ದೇಹದೊಡನೆ ಸಂಪರ್ಕವೆಂದರೆ ಬೇರಿನ ತುದಿಯಲ್ಲಿರುವ, ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಕಿರಿದಾದ ರಂಧ್ರ. ಹುಳುಕು ಆಳಕ್ಕಿಳಿಯುವಾಗ ಮೊದಮೊದಲು ತಣ್ಣೀರು ತಾಕಿದೊಡನೆ ಜುಮ್ಮೆಂದು, ಕ್ಷಣಮಾತ್ರದಲ್ಲಿ ಅಡಗುವ ನೋವು ಬರುತ್ತದೆ. ಆ ಹಂತದಲ್ಲಿ ಹುಳುಕನ್ನು ಕೆರೆದು ತುಂಬಿಸಿಕೊಂಡರೆ ಮಜ್ಜೆ ಸಾಧಾರಣವಾಗಿ ಉಳಿದುಕೊಳ್ಳುತ್ತದೆ. ಅದನ್ನು ಉಪೇಕ್ಷಿಸಿದವರಿಗೆ ನೋವು ಬಹಳ ಹೊತ್ತು ನಿಲ್ಲತೊಡಗುತ್ತದೆ, ಕಾರಣವಿಲ್ಲದೆಯೇ ಏಳುತ್ತದೆ, ಹಾಸಿಗೆಯಲ್ಲಿ ತಲೆಯಿಟ್ಟೊಡನೆ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಿ ಇಮ್ಮಡಿಸಿದಂತಾಗುತ್ತದೆ. ಬಿಸಿ ಕಾಫಿಯ ಗುಟುಕಿಗೆ ಕೆರಳಿ ತಣ್ಣೀರಿಗೆ ಮಾತ್ರ ಶಮನವಾಗುವ ಘಟ್ಟವೊಂದುಂಟು; ಆ ಘಟ್ಟದ ರೋಗಿ ನೀರಿನ ಬಾಟಲಿಯನ್ನು ಕೈಯಲ್ಲಿ ಹಿಡಿದೇ ಬರುತ್ತಾನೆ, ಹೆಸರು ವಯಸ್ಸು ಬರೆಯಿಸುವ ನಡುವೆಯೂ ಒಂದು ಗುಟುಕನ್ನು ಬಾಯಿಗೆ ಹಾಕಿಕೊಂಡು ಆ ಹಲ್ಲಿನ ಪಕ್ಕಕ್ಕೆ ಹೊರಳಿಸಿ ನಿಲ್ಲಿಸಿಕೊಳ್ಳುತ್ತಾನೆ. ಅವನ ಹಲ್ಲಿನಲ್ಲಿ ಒತ್ತಡವೇರಿ, ರಕ್ತಸಂಚಾರ ಕುಗ್ಗಿ, ಮಜ್ಜೆ ಭಾಗಭಾಗವಾಗಿ ಸಾಯುತ್ತಿರುತ್ತದೆ. ಅದು ಪೂರ್ತಿಯಾಗಿ ಸತ್ತ ದಿನ ನೋವೂ ನಿಲ್ಲುತ್ತದೆ, ಏಕೆಂದರೆ ನೋವನ್ನು ಅರಿಯಬೇಕಾಗಿದ್ದ ನರವೇ ಅಲ್ಲಿ ಉಳಿದಿರುವುದಿಲ್ಲ. ಮನೆಯವರು ಲವಂಗದ ಎಣ್ಣೆಯನ್ನೋ, ಹರಕೆಯನ್ನೋ, ಪಕ್ಕದ ಮನೆಯವರು ಕೊಟ್ಟ ಮಾತ್ರೆಯನ್ನೋ ಕೊಂಡಾಡುತ್ತಾರೆ.

ಸತ್ತ ಮಜ್ಜೆ ಅಲ್ಲಿಯೇ ಕೊಳೆಯುತ್ತದೆ. ಅಂತಹ ಹಲ್ಲಿಗೆ ರಂಧ್ರ ಕೊರೆದಾಗ ಏಳುವ ದುರ್ಗಂಧವನ್ನು ಒಮ್ಮೆ ಅನುಭವಿಸಿದವರು, ಆ ಹಲ್ಲು ವಾಸಿಯಾಗಿತ್ತೆಂದು ಮತ್ತೆ ಹೇಳಲಾರರು. ಕೊಳೆತದ್ದರಲ್ಲಿ ವೃದ್ಧಿಯಾದ ಜೀವಾಣುಗಳು ಬೇರಿನ ತುದಿಯಿಂದ ಹೊರಬಿದ್ದು ದವಡೆಯ ಮೂಳೆಯನ್ನು ಸವೆಯಿಸುತ್ತವೆ. ಎಕ್ಸ್-ರೇಯಲ್ಲಿ ಬೇರಿನ ತುದಿಗೆ ಅಂಟಿಕೊಂಡಂತೆ ಕಾಣುವ ಆ ಕಪ್ಪು ನೆರಳು, ಯಾವ ನೋವೂ ಇಲ್ಲವೆಂದು ಪ್ರಮಾಣ ಮಾಡುವವರ ಬಾಯಲ್ಲಿಯೇ ಎಷ್ಟೋ ಸಲ ಕಾಣಸಿಗುತ್ತದೆ. ಕೆಲವರಿಗೆ ವಸಡಿನ ಮೇಲೆ ಸಾಸಿವೆಯಷ್ಟು ಗಾತ್ರದ ಗುಳ್ಳೆಯೊಂದೆದ್ದು, ಒಡೆದು, ಉಪ್ಪುಪ್ಪಾದ ಕೀವು ಸೋರಿ, ಮತ್ತೆ ತುಂಬಿಕೊಳ್ಳುತ್ತದೆ. ಕೀವಿಗೆ ದಾರಿ ದೊರೆತಿರುವುದರಿಂದ ಅಲ್ಲಿ ಒತ್ತಡವಿಲ್ಲ, ಒತ್ತಡವಿಲ್ಲದ್ದರಿಂದ ನೋವಿಲ್ಲ. ಇದನ್ನೂ ಜನ ‘ಉಷ್ಣದ ಗುಳ್ಳೆ’ಯೆಂದು ಎಳನೀರು ಕುಡಿದು ಸಮಾಧಾನಪಡುತ್ತಾರೆ. ಇನ್ನು ಅಂಗಡಿಯಿಂದ ತಂದು ನುಂಗುವ ಆಂಟಿಬಯಾಟಿಕ್ ಮಾತ್ರೆ: ಔಷಧವು ರಕ್ತದ ಮೂಲಕವೇ ಸಾಗಬೇಕಾದದ್ದು, ಸತ್ತ ಮಜ್ಜೆಗೆ ರಕ್ತವೇ ಹರಿಯುವುದಿಲ್ಲ, ಹಾಗಿರುವಾಗ ಆ ಮಾತ್ರೆ ಸುತ್ತಲಿನ ಊತವನ್ನು ಕೆಲವು ದಿನ ತಗ್ಗಿಸೀತೇ ಹೊರತು ಹಲ್ಲಿನೊಳಗಿನ ಮೂಲವನ್ನು ಮುಟ್ಟಲಾರದು.

ಈ ವಿನಾಶಕ್ಕೆಲ್ಲ ಜೀವಾಣುಗಳೇ ಕಾರಣವೆಂಬುದನ್ನು ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಎಂಬ ಮೂವರು ಸಂಶೋಧಕರು 1965ರಲ್ಲಿ ಒಂದು ಸರಳವಾದ ಪ್ರಯೋಗದಿಂದ ತೋರಿಸಿಕೊಟ್ಟರು. ಸಾಮಾನ್ಯ ಇಲಿಗಳ ಹಾಗೂ ಹುಟ್ಟಿದಂದಿನಿಂದ ಜೀವಾಣುಗಳ ಸೋಂಕೇ ಇಲ್ಲದಂತೆ ಬೆಳೆಸಿದ ಇಲಿಗಳ ಹಲ್ಲುಗಳನ್ನು ಮಜ್ಜೆಯವರೆಗೆ ಕೊರೆದು ತೆರೆದೇ ಬಿಟ್ಟಾಗ, ಮೊದಲ ಗುಂಪಿನಲ್ಲಿ ಮಜ್ಜೆ ಕೊಳೆತು ಕೀವಾಯಿತು. ಎರಡನೆಯ ಗುಂಪಿನಲ್ಲಿ, ಆಹಾರದ ಕಣಗಳು ಆ ಕುಳಿಯೊಳಗೆ ಸೇರಿಕೊಂಡರೂ, ಗಾಯ ಮಾಯ್ದು ಹೊಸ ದಂತಪದರ ಬೆಳೆಯಿತು. ರೂಟ್ ಕೆನಾಲ್ ಚಿಕಿತ್ಸೆಯ ತಾತ್ಪರ್ಯವೂ ಇದೇ: ಕೊಳೆತದ್ದನ್ನು ನಾಳದ ತುದಿಯವರೆಗೆ ಕೆರೆದು ತೆಗೆದು, ತೊಳೆದು, ಜೀವಾಣುಗಳು ಮರಳಿ ನುಸುಳದಂತೆ ಮುಚ್ಚಿಬಿಡುವುದು.

ಮೇಲಿನ ಹಲ್ಲಿಗೆ ಕೈಹಚ್ಚಿದರೆ ಕಣ್ಣು ಹೋಗುತ್ತದೆಂಬ ಭಯದಿಂದ ವರ್ಷಗಟ್ಟಲೆ ಕೊಳೆತ ಹಲ್ಲನ್ನು ಹೊತ್ತುಕೊಂಡಿರುವವರ ಸಂಕಟ ನನ್ನನ್ನು ಹೆಚ್ಚು ಕಾಡುತ್ತದೆ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಹಲ್ಲು ಕೀಳಿಸಿದ್ದರಿಂದಾಗಲಿ ರೂಟ್ ಕೆನಾಲ್ ಮಾಡಿಸಿದ್ದರಿಂದಾಗಲಿ ದೃಷ್ಟಿ ಮಂದವಾಗುವುದಿಲ್ಲ. ಅಪಾಯವಿರುವುದು ಬಿಟ್ಟುಬಿಟ್ಟ ಹಲ್ಲಿನಲ್ಲಿ: ಮೇಲಿನ ಕೋರೆಹಲ್ಲಿನ ಕೀವು ಕೆನ್ನೆಗೇರಿ ಕಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿಹೋಗುವುದುಂಟು, ಅಪರೂಪಕ್ಕೆ ಅದು ಮುಖದ ಅಭಿಧಮನಿಗಳ ಮಾರ್ಗವಾಗಿ ತಲೆಬುರುಡೆಯೊಳಕ್ಕೂ ಸಾಗುವುದುಂಟು. ಕೆಳಗಿನ ಹಿಂಬದಿಯ ದವಡೆ ಹಲ್ಲುಗಳ ಬೇರಿನ ತುದಿ ಬಾಯಿಯ ತಳದ ಸ್ನಾಯುವಿಗಿಂತ ಕೆಳಗೆ ಇರುವುದರಿಂದ, ಅಲ್ಲಿಯ ಕೀವು ಗಲ್ಲದಡಿಗೆ ಇಳಿದು, ಎರಡೂ ಕಡೆ ಮರದಂತೆ ಬಿಗಿದು, ನಾಲಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿ, ಉಸಿರಿನ ದಾರಿಯನ್ನೇ ಮುಚ್ಚಬಹುದು. ಜರ್ಮನಿಯ ಲುಡ್ವಿಗ್ 1836ರಲ್ಲಿ ವರ್ಣಿಸಿದ ಈ ವ್ಯಾಧಿ ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದುದರಿಂದ ಊತವು ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಹರಡತೊಡಗಿದರೆ, ಬಾಯಿ ತೆರೆಯಲು, ಉಗುಳು ನುಂಗಲು, ಮಾತನಾಡಲು ಕಷ್ಟವಾದರೆ, ಜ್ವರ ಬಂದರೆ, ಬೆಳಗಾಗಲೆಂದು ಕಾಯದೆ ಆ ಹೊತ್ತಿನಲ್ಲಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಂತೂ ಒಂದು ಗಳಿಗೆಯೂ ತಡಮಾಡಕೂಡದು. ಕೆನ್ನೆಯ ಮೇಲೆ ಬಿಸಿಬಟ್ಟೆಯ ಶಾಖ ಬೇಡ. ರಾತ್ರಿ ಎಬ್ಬಿಸುವ ನೋವು, ಅಗಿದಾಗ ಹಲ್ಲು ಎತ್ತರವಾದಂತೆ ತಾಕುವ ನೋವು, ವಸಡಿನ ಗುಳ್ಳೆ, ಎಂದೋ ಬಿದ್ದು ಪೆಟ್ಟಾದ ಮುಂದಿನ ಹಲ್ಲು ಕಪ್ಪಾಗುವುದು, ಇವು ಒಂದೆರಡು ದಿನದೊಳಗೆ ದಂತವೈದ್ಯರಿಗೆ ತೋರಿಸಬೇಕಾದವು.

ತಪ್ಪು ತಿಳಿವಳಿಕೆ ನಮ್ಮ ಹಳ್ಳಿಯವರ ಸ್ವತ್ತೇನೂ ಅಲ್ಲ. ಹಲ್ಲಿನ ಸೋಂಕೇ ದೇಹದ ನಾನಾ ರೋಗಗಳ ಮೂಲವೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಮಾಡಿದ ಉಪನ್ಯಾಸವೂ, ಅನಂತರ ದಂತವೈದ್ಯ ವೆಸ್ಟನ್ ಪ್ರೈಸ್ ಮೊಲಗಳ ಮೇಲೆ ನಡೆಸಿದ ಪ್ರಯೋಗಗಳೂ ವಿದ್ಯಾವಂತ ಸಮಾಜವನ್ನೇ ಬೆಚ್ಚಿಬೀಳಿಸಿದ್ದರಿಂದ, ಉಳಿಯಬಹುದಾಗಿದ್ದ ಲೆಕ್ಕವಿಲ್ಲದಷ್ಟು ಹಲ್ಲುಗಳು ಕೀಳಲ್ಪಟ್ಟವು. ಆ ಪ್ರಯೋಗಗಳ ದೋಷಗಳು ಬಯಲಾಗಿ ದಶಕಗಳೇ ಉರುಳಿದರೂ, ರೂಟ್ ಕೆನಾಲಿನಿಂದ ಕ್ಯಾನ್ಸರ್ ಬರುತ್ತದೆಂಬ ಸಂದೇಶವಾಗಿ ಅದೇ ವಾದ ಈಗ ಪದವೀಧರರ ಫೋನುಗಳಲ್ಲಿ ಸಂಚರಿಸುತ್ತಿದೆ. ಯಾರು ಹೇಳಿದರು, ಯಾವ ಆಧಾರದಿಂದ ಹೇಳಿದರು ಎಂದು ಕೇಳದೆ ಹತ್ತು ಜನರಿಗೆ ದಾಟಿಸುವವರು, ಅದನ್ನು ನಂಬಿ ಚಿಕಿತ್ಸೆ ಬಿಟ್ಟವನ ಕೆನ್ನೆ ಊದಿದಾಗ ಅವನ ಜೊತೆಯಲ್ಲಿ ಆಸ್ಪತ್ರೆಗೆ ಬರುವುದಿಲ್ಲ.

ಚಿಕಿತ್ಸೆಗೆ ಒಪ್ಪಿಕೊಂಡವರಲ್ಲಿಯೂ ನೋವು ನಿಂತಿತೆಂಬ ಸಮಾಧಾನ ಕೆಡುಕು ಮಾಡದೆ ಬಿಡದು. ಮೊದಲನೆಯ ಸಲ ಮಜ್ಜೆಯನ್ನು ತೆಗೆದು ತಾತ್ಕಾಲಿಕವಾಗಿ ಮುಚ್ಚಿ ಕಳುಹಿಸಿದಾಗ ನೋವು ಬಹುಮಟ್ಟಿಗೆ ಹೋಗಿಬಿಡುತ್ತದೆ. ಅಲ್ಲಿಗೆ ಎಷ್ಟೋ ಜನರ ಬರವು ನಿಲ್ಲುತ್ತದೆ. ಆ ತಾತ್ಕಾಲಿಕ ಮುಚ್ಚಿಗೆ ಕೆಲವು ವಾರಗಳಲ್ಲಿ ಸವೆದು, ಉಗುಳಿನೊಡನೆ ಜೀವಾಣುಗಳು ಮತ್ತೆ ಒಳಸೇರುತ್ತವೆ. ನಾಳ ತುಂಬಿಸಿಕೊಂಡವರು ಕೂಡ, ದವಡೆ ಹಲ್ಲಾಗಿದ್ದರೆ, ಮೇಲೆ ಕ್ಯಾಪ್ ಹಾಕಿಸಿಕೊಳ್ಳುವುದನ್ನು ಹಣದ ಕಾರಣದಿಂದಲೋ ಉದಾಸೀನದಿಂದಲೋ ಮುಂದೂಡುತ್ತಾರೆ. ಹಣವೇ ಅಡ್ಡಿಯಾಗಿದ್ದರೆ ದಂತವೈದ್ಯಕೀಯ ಕಾಲೇಜುಗಳಲ್ಲಿ ಕಡಿಮೆ ಖರ್ಚಿನಲ್ಲಿ ಅದನ್ನು ಮಾಡಿಸಬಹುದು. ಹುಳುಕಿನಿಂದ ಮೊದಲೇ ಟೊಳ್ಳಾಗಿದ್ದು ಕ್ಯಾಪಿಲ್ಲದೆ ಉಳಿದ ಹಲ್ಲು, ಒಂದು ದಿನ ಚಕ್ಕುಲಿಯನ್ನೋ ಹುರಿಗಡಲೆಯನ್ನೋ ಅಗಿಯುವಾಗ ಬೇರಿನವರೆಗೆ ಸೀಳಿತೆಂದರೆ, ಅದನ್ನು ಕೀಳುವುದೊಂದೇ ಉಳಿಯುವ ಮಾರ್ಗ.