ಕಂಪ್ರೆಸರ್ ಬದಲಿಸುವ ಮುನ್ನ

1960ರ ದಶಕದ ಅಮೆರಿಕನ್ ಕಾರುಗಳನ್ನು ಜತನದಿಂದ ಉಳಿಸಿಕೊಂಡವರಿಂದ ಆಗಾಗ ಕೇಳಿಬರುವ ದೂರೊಂದಿದೆ. ಗಾಡಿ ನಿಂತು ಎಂಜಿನ್ ಐಡಲ್‌ನಲ್ಲಿರುವಾಗ ಎಸಿ ಹಾಕಿದರೆ ಡ್ಯಾಶ್‌ಬೋರ್ಡ್, ನೆಲ, ಸ್ಟೀರಿಂಗ್ ಎಲ್ಲವೂ ಗುಂಯ್ ಎನ್ನುತ್ತವೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಸದ್ದು ಮಾಯ. ಇಂಥ ಕಾರು ಗ್ಯಾರೇಜಿಗೆ ಹೋದಾಗ ಮೊದಲ ಅನುಮಾನ ಕಂಪ್ರೆಸರ್ ಮೇಲೆ ಬೀಳುತ್ತದೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುತ್ತಾರೆ, ಸದ್ದು ಹಾಗೇ ಉಳಿಯುತ್ತದೆ.

ವೇಗ ಏರಿದಾಗ ಸದ್ದು ಮಾಯವಾಗುವುದೇ ದೊಡ್ಡ ಸುಳಿವು. ಸವೆದ ಬೇರಿಂಗ್ ಆಗಿದ್ದರೆ ವೇಗ ಏರಿದಂತೆ ಇನ್ನಷ್ಟು ಕಿರುಚುತ್ತಿತ್ತು. ಒಂದು ವೇಗದಲ್ಲಿ ಮಾತ್ರ ಅಬ್ಬರಿಸಿ ಮಿಕ್ಕಂತೆ ಸುಮ್ಮನಿರುವುದು ಅನುರಣನೆಯ ಗುಣ. ಮಿಕ್ಸಿಯ ಒಂದು ಸ್ಪೀಡಿನಲ್ಲಿ ಮಾತ್ರ ಪಕ್ಕದ ಸ್ಟೀಲ್ ಲೋಟ ಕಟಕಟಿಸುತ್ತದಲ್ಲ, ಹಾಗೆ. ಲೋಟಕ್ಕೆ ತನ್ನದೇ ಒಂದು ಸಹಜ ಆವೃತ್ತಿಯಿದೆ. ಮಿಕ್ಸಿಯ ಮಿಡಿತ ಅದಕ್ಕೆ ಹೊಂದಿದಾಗ ಕುಣಿತ ಶುರು.

ಕಾರಿನಲ್ಲಿ ಕಂಪ್ರೆಸರಿನ ಮಿಡಿತ ಎಷ್ಟೆಂದು ಲೆಕ್ಕ ಹಾಕಬಹುದು. ಆ ಕಾಲದ ಫೋರ್ಡ್ ಕಾರುಗಳಲ್ಲಿ ಯಾರ್ಕ್ ಕಂಪನಿಯ ಎರಡು ಸಿಲಿಂಡರಿನ ಕಂಪ್ರೆಸರ್ ಇರುತ್ತಿತ್ತು. ಎಂಜಿನ್ ನಿಮಿಷಕ್ಕೆ 720 ಸುತ್ತು ತಿರುಗುತ್ತಿದೆ, ಕಂಪ್ರೆಸರ್ ಪುಲ್ಲಿ ಅದರ ಒಂದೂಕಾಲು ಪಟ್ಟು ಓಡುತ್ತಿದೆ ಎಂದಿಟ್ಟುಕೊಳ್ಳೋಣ. ಆಗ ಕಂಪ್ರೆಸರ್ ಸೆಕೆಂಡಿಗೆ 15 ಸುತ್ತು ಹಾಕುತ್ತದೆ. ಪ್ರತಿ ಸುತ್ತಿಗೂ ಎರಡು ಒತ್ತಿನಂತೆ 30 ಹರ್ಟ್ಸ್. ಎಂಟು ಸಿಲಿಂಡರಿನ ಎಂಜಿನ್ನಿನದೇ ಮಿಡಿತ ಅದೇ ಹೊತ್ತಿಗೆ 48 ಹರ್ಟ್ಸ್. ಜನರಲ್ ಮೋಟರ್ಸ್ ಕಾರುಗಳು ಬಳಸಿದ ಫ್ರಿಜಿಡೇರ್ ಎ-6 ಕಂಪ್ರೆಸರಿಗೆ ಆರು ಸಿಲಿಂಡರ್. ಅದೇ ವೇಗದಲ್ಲಿ ಸೆಕೆಂಡಿಗೆ 90 ಸಣ್ಣ ಒತ್ತು ಕೊಡುತ್ತಿತ್ತು. ಒತ್ತುಗಳು ಹೆಚ್ಚಾದಷ್ಟೂ ಪ್ರತಿಯೊಂದರ ಪೆಟ್ಟು ಮೆತ್ತಗಾಗುತ್ತದೆ. ಯಾರ್ಕ್ ನಡುಗುವುದು ಅದರ ದೋಷವಲ್ಲ, ಹುಟ್ಟುಗುಣ. ಆ ನಡುಕವನ್ನು ಹಿಡಿದಿಡುವ ಕೆಲಸ ಬ್ರಾಕೆಟ್ಟಿನದು. ಈಗ ಮೊಬೈಲಿನಲ್ಲಿ ಸದ್ದಿನ ಆವೃತ್ತಿ ತೋರಿಸುವ ಆ್ಯಪ್‌ಗಳಿವೆ. ಅದರಲ್ಲಿ ಶಿಖರ ಎಲ್ಲಿ ಏಳುತ್ತದೆಂದು ನೋಡಿದರೆ ತಪ್ಪಿತಸ್ಥರ ಪಟ್ಟಿ ಅರ್ಧಕ್ಕಿಳಿಯುತ್ತದೆ.

ಇನ್ನು ಸರಳ ಪರೀಕ್ಷೆಗಳು. ಎಂಜಿನ್ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿ. ಆಗಲೂ ಸದ್ದಿದ್ದರೆ ಫ್ಯಾನಿನೊಳಗೆ ಒಣ ಎಲೆ ಸಿಕ್ಕಿರಬಹುದು, ಮೋಟರಿನ ಬುಷ್ ಸವೆದಿರಬಹುದು. ಎಂಜಿನ್ ಓಡುತ್ತಾ ಎಸಿ ಆಫ್ ಇದ್ದಾಗಲೂ ಸದ್ದು ಬಂದರೆ ಪುಲ್ಲಿಯ ಬೇರಿಂಗ್ ನೋಡಬೇಕು, ಏಕೆಂದರೆ ಕಂಪ್ರೆಸರಿನ ಕ್ಲಚ್ ಹಿಡಿಯದಿದ್ದರೂ ಪುಲ್ಲಿ ತಿರುಗುತ್ತಲೇ ಇರುತ್ತದೆ. ಎಸಿಗೆ ಪ್ರತ್ಯೇಕ ಬೆಲ್ಟ್ ಇರುವ ಕಾರಾದರೆ, ಎಂಜಿನ್ ನಿಲ್ಲಿಸಿ ಅದನ್ನು ಕಳಚಿ ಮತ್ತೆ ಚಾಲೂ ಮಾಡುವುದಕ್ಕಿಂತ ಖಚಿತ ಪರೀಕ್ಷೆ ಇನ್ನೊಂದಿಲ್ಲ. ಎಸಿ ಹೊತ್ತು ಬಂದ ಮೊದಲ ಕಾರುಗಳಾದ 1940ರ ಪ್ಯಾಕರ್ಡ್‌ಗಳಲ್ಲಿ ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಎಸಿ ಪೂರ್ತಿ ನಿಲ್ಲಬೇಕಾದರೆ ಬಾನೆಟ್ ಎತ್ತಿ ಬೆಲ್ಟ್ ಕಳಚಬೇಕಿತ್ತು.

ಬೆಲ್ಟ್ ಕಳಚಿದಾಗ ನಡುಕ ನಿಂತರೂ ಕಂಪ್ರೆಸರ್ ಅಪರಾಧಿ ಎಂದು ತೀರ್ಪು ಕೊಡುವ ಹಾಗಿಲ್ಲ. ಅದನ್ನು ಎಂಜಿನ್ನಿಗೆ ಬಿಗಿದ ಬ್ರಾಕೆಟ್ಟನ್ನು ಮೊದಲು ನೋಡಿ. ವಸ್ತುವಿನ ಸಹಜ ಆವೃತ್ತಿ ಅದರ ಬಿಗುವಿನ ವರ್ಗಮೂಲಕ್ಕೆ ಅನುಗುಣ. ಒಂದು ಬೋಲ್ಟ್ ಸಡಿಲಾಗಿಯೋ ಕೂದಲೆಳೆಯ ಬಿರುಕು ಬಿಟ್ಟೋ ಬಿಗುವು ಅರ್ಧಕ್ಕಿಳಿದರೆ ಸಹಜ ಆವೃತ್ತಿ ಸುಮಾರು ಶೇ 30ರಷ್ಟು ಕುಸಿಯುತ್ತದೆ. ಕಾರ್ಖಾನೆಯ ಎಂಜಿನಿಯರುಗಳು ಐಡಲ್ ವೇಗದಿಂದ ಎಷ್ಟೋ ಮೇಲಿಟ್ಟಿದ್ದ ಅನುರಣನೆ ಹೀಗೆ ಕೆಳಗಿಳಿದು ಕಂಪ್ರೆಸರಿನ ಮಿಡಿತವನ್ನು ಮುಟ್ಟುತ್ತದೆ. ಹಳೆಯ ಕಾರಿನಲ್ಲಿ ಕಳೆದುಹೋದ ಒಂದು ಸಣ್ಣ ಆಸರೆಪಟ್ಟಿ, ಉದ್ದ ಸಾಲದ ಒಂದು ಬೋಲ್ಟ್ ಇಷ್ಟು ಮಾಡಬಲ್ಲವು. ಇದನ್ನು ನೋಡದೆ ಮೂಲ ಕಂಪ್ರೆಸರನ್ನು ಗುಜರಿಗೆ ಹಾಕುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಡುಕ ಹುಟ್ಟುವ ಜಾಗ ಒಂದು, ಕೇಳಿಸುವ ಜಾಗ ಇನ್ನೊಂದು. ಎಂಜಿನ್ನಿನಿಂದ ಹೊರಟ ಎಸಿ ಹೋಸ್ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿಗೆ ತಾಗಿದ್ದರೆ ಇಡೀ ತಗಡು ಧ್ವನಿವರ್ಧಕವಾಗುತ್ತದೆ. ಕ್ಲಾಂಪಿನ ರಬ್ಬರ್ ದಶಕಗಳ ಬಿಸಿಗೆ ಗಟ್ಟಿಯಾಗಿದ್ದರೂ ಇದೇ ಕಥೆ. ಎಂಜಿನ್ ನಿಲ್ಲಿಸಿ, ತಾಗುವ ಕಡೆ ದಪ್ಪ ಸ್ಪಂಜಿನ ತುಂಡು ತುರುಕಿ, ಮತ್ತೆ ಚಾಲೂ ಮಾಡಿ ಕೇಳಿದರೆ ಉತ್ತರ ಸಿಗುತ್ತದೆ.

ಉಳಿದದ್ದು ಅನಿಲದ ಒತ್ತಡ. ಈ ಕಾರುಗಳು ಆರ್-12 ಅನಿಲಕ್ಕೆಂದು ಕಟ್ಟಿದವು. ಓಝೋನ್ ಪದರಕ್ಕೆ ಕುತ್ತೆಂದು ಅದು ನಿಂತ ಮೇಲೆ ಹೆಚ್ಚಿನವರು ಆರ್-134ಎ ತುಂಬಿಸಿಕೊಂಡರು. ಅನಿಲವನ್ನು ತಣಿಸುವ ಕಂಡೆನ್ಸರ್ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇದರ ಒತ್ತಡ ಆರ್-12ಕ್ಕಿಂತ ಸುಮಾರು ಶೇ 10ರಷ್ಟು ಜಾಸ್ತಿ. ಪಿಸ್ಟನ್ನಿನ ಪ್ರತಿ ಒತ್ತೂ ಅಷ್ಟು ಬಲವಾಗುತ್ತದೆ. ಪರೀಕ್ಷೆಗೆ ಗೇಜ್ ಬೇಕೆಂದಿಲ್ಲ. ಫ್ಯಾನ್ ಮತ್ತು ಬೆಲ್ಟಿನಿಂದ ದೂರ ನಿಂತು, ಮುಂದಿನ ಜಾಲರಿಯ ಮೂಲಕ ಕಂಡೆನ್ಸರಿಗೆ ತಣ್ಣೀರು ಚಿಮುಕಿಸಿ. ಸದ್ದು ಕೂಡಲೇ ಮೆತ್ತಗಾದರೆ ಕಂಡೆನ್ಸರಿನ ರೆಕ್ಕೆಗಳಲ್ಲಿ ಕೂತ ದೂಳು, ಸರಿಯಾಗಿ ಗಾಳಿ ಎಳೆಯದ ಫ್ಯಾನ್, ಅಳತೆ ಮೀರಿ ತುಂಬಿದ ಅನಿಲ ಇವುಗಳಲ್ಲೊಂದು ಕಾರಣ. ಇಷ್ಟೆಲ್ಲ ನೋಡಿದ ಮೇಲೂ ಸದ್ದು ಕದಲದಿದ್ದರೆ, ಅನಿಲವನ್ನು ಯಂತ್ರದಿಂದ ಹೀರಿ ತೆಗೆಸಿ, ಕಂಪ್ರೆಸರಿನ ತಲೆ ಬಿಚ್ಚಿ ತೆಳು ಉಕ್ಕಿನ ವಾಲ್ವ್‌ಗಳನ್ನು ನೋಡುವ ಹೊತ್ತು ಬಂತು.