ತಾತನ ದನಿ, ಫ್ರಿಜ್ಜಿನ ಗುಂಯ್

ಕಳೆದ ಸಂಕ್ರಾಂತಿಗೆ ಬಂಗಾರಪೇಟೆಗೆ ಹೋದಾಗ ತಾತನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ತಾತ ಕೆಜಿಎಫ್ ಗಣಿಯಲ್ಲಿ ದುಡಿದವರು. ಅಲ್ಲಿ ಸುರಂಗಗಳು ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದಿದ್ದವು. ಒತ್ತಡ ತಾಳದೆ ಬಂಡೆ ಸಿಡಿಯುವುದಕ್ಕೆ ‘ಏರ್ ಬ್ಲಾಸ್ಟ್’ ಅನ್ನುತ್ತಿದ್ದರಂತೆ. ಬಂಡೆಯ ಚಟಚಟ ಸದ್ದಿಗೆ ಸದಾ ಕಿವಿಗೊಟ್ಟಿರುತ್ತಿದ್ದೆವು ಅಂದರು ತಾತ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದೂಳು ಮಾತ್ರ ಅವರ ಶ್ವಾಸಕೋಶದಲ್ಲೇ ಉಳಿಯಿತು. ಈಗ ಎರಡು ಮಾತಾಡಿದರೆ ಏದುಸಿರು. ಹಾಗಾಗಿ ಇನ್ನೊಮ್ಮೆ ರೆಕಾರ್ಡ್ ಮಾಡೋಣ ಅನ್ನುವ ಹಾಗಿಲ್ಲ.

ಬೆಂಗಳೂರಿಗೆ ಹೊರಟ ರೈಲಿನಲ್ಲಿ ಇಯರ್‌ಫೋನ್ ಹಾಕಿ ಕೇಳಿದರೆ, ಅಯ್ಯೋ, ಉದ್ದಕ್ಕೂ ಗುಂಯ್! ಫೋನಿನ ಪುಟ್ಟ ಸ್ಪೀಕರ್ ತಗ್ಗಿನ ಸದ್ದನ್ನು ಸರಿಯಾಗಿ ನುಡಿಸಲ್ಲ, ಅದಕ್ಕೇ ಮನೆಯಲ್ಲಿ ಗೊತ್ತಾಗಿರಲಿಲ್ಲ. ‘ನಾಯ್ಸ್ ರಿಡಕ್ಷನ್’ ಜೋರಾಗಿ ಹಾಕಿದೆ. ತಾತ ಬಿಂದಿಗೆಯೊಳಗಿಂದ ಮಾತಾಡಿದಂತಾಯಿತು.

ಆಮೇಲೆ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಆಡಾಸಿಟಿ ತೆರೆದೆ. ತಾತ ಸುಮ್ಮನಿದ್ದ ಮೂರು ಸೆಕೆಂಡು ಆರಿಸಿ ‘ಪ್ಲಾಟ್ ಸ್ಪೆಕ್ಟ್ರಮ್’ ಒತ್ತಿದೆ. ಅಡ್ಡಕ್ಕೆ ಆವರ್ತನ, ಉದ್ದಕ್ಕೆ ಸದ್ದಿನ ಮಟ್ಟ. 50, 100, 150 ಹರ್ಟ್ಜ್‌ನಲ್ಲಿ ಮೂರು ಚೂಪು ಗುಡ್ಡ. ನಮ್ಮ ಕರೆಂಟು 50 ಹರ್ಟ್ಜ್ ತಾನೇ? ಕಳ್ಳ ಸಿಕ್ಕಿಬಿದ್ದ: ಅಡುಗೆಮನೆಯ ಫ್ರಿಜ್!

ಹೈ ಪಾಸ್ ಫಿಲ್ಟರ್ ಹಾಕಿ 80 ಹರ್ಟ್ಜ್‌ಗಿಂತ ಕೆಳಗಿನದನ್ನು ತಗ್ಗಿಸಿದೆ. ಆದರೆ 100, 150ರಲ್ಲಿ ಎಚ್ಚರ ಬೇಕು. ಗಂಡಸರ ದನಿಯ ಬುಡ ಇರುವುದೇ ಆ ಸುತ್ತಮುತ್ತ. ಅಗಲವಾಗಿ ಕತ್ತರಿಸಿದರೆ ದನಿಯ ತೂಕವೇ ಹೋಗುತ್ತೆ. ಅದಕ್ಕೆ ನಾಚ್ ಫಿಲ್ಟರ್‌ನಿಂದ ಕಿರಿದಾಗಿ ಚಿವುಟಿದೆ. ವ್ಯಂಜನಗಳು ಸ್ಪಷ್ಟವಾಗಲಿ ಅಂತ 3,000 ಹರ್ಟ್ಜ್ ಹತ್ತಿರ ಒಂಚೂರು ಏರಿಸಿದೆ. ಪ್ರತಿ ಸಲವೂ ಕಣ್ಣು ಮುಚ್ಚಿ ಕೇಳಿದೆ. ಗ್ರಾಫ್ ದಾರಿ ತೋರಿಸುತ್ತೆ ಅಷ್ಟೇ, ತೀರ್ಪು ಕಿವಿಯದ್ದು.

ನೀವೂ ಮನೆಯ ಹಿರಿಯರ ಮಾತು ರೆಕಾರ್ಡ್ ಮಾಡುವ ಮುಂಚೆ ಸ್ಪೆಕ್ಟ್ರಾಯ್ಡ್‌ನಂಥ ಆ್ಯಪ್ ತೆರೆದು ಒಂದು ನಿಮಿಷ ಕೋಣೆಯ ಸದ್ದು ನೋಡಿ. ಗುಡ್ಡ ಕಂಡರೆ ಫ್ಯಾನು, ಫ್ರಿಜ್ಜು ಆರಿಸಿ. ಆಮೇಲೆ ಫ್ರಿಜ್ಜು ಮತ್ತೆ ಹಾಕೋದು ಮರೀಬೇಡಿ, ಹಾಲು ಒಡೆದರೆ ಬೈಗುಳ ನಿಮಗೇ!

ಇನ್ನೊಂದು ಮಾತು. ನಾಯ್ಸ್ ರಿಡಕ್ಷನ್ ಹಾಕಿದಾಗ ಮಾತಿನ ನಡುವಿನ ಏದುಸಿರೂ ಮಾಯವಾಗಿತ್ತು. ಈಗಿನ ಫೈಲಿನಲ್ಲಿ ಅದನ್ನು ಹಾಗೇ ಬಿಟ್ಟಿದ್ದೇನೆ. ಗಣಿಯ ಕಥೆ ಅದರಲ್ಲೂ ಇದೆ.