ಪಾರಿಭದ್ರಪುಷ್ಪದ ಮಕರಂದ

ಅಮರಕೋಶವು ಮಕರಂದವನ್ನು ಪುಷ್ಪರಸವೆಂದಷ್ಟೇ ಅರ್ಥೈಸುತ್ತದೆ. ಕೋಶಕಾರನಿಗೆ ಅಷ್ಟು ಸಾಕು. ಕವಿಗಳೂ ಅದನ್ನು ಬಹುಮಟ್ಟಿಗೆ ದುಂಬಿಯ ಪಾಲಿಗೆ ಬಿಟ್ಟು ತೃಪ್ತರಾದರು. ಆದರೆ ಎಲ್ಲ ಪುಷ್ಪರಸದ ಸಿಹಿಯೂ ಒಂದೇ ಅಲ್ಲ. ಅದರಲ್ಲಿ ಮುಖ್ಯವಾಗಿ ಮೂರು ಶರ್ಕರೆಗಳುಂಟು: ಇಕ್ಷುಶರ್ಕರೆ ಎಂದರೆ ಸುಕ್ರೋಸ್, ದ್ರಾಕ್ಷಾಶರ್ಕರೆ ಎಂದರೆ ಗ್ಲೂಕೋಸ್, ಫಲಶರ್ಕರೆ ಎಂದರೆ ಫ್ರಕ್ಟೋಸ್. ಮೊದಲನೆಯದು ಉಳಿದೆರಡರ ಸಂಯೋಗದಿಂದಾದುದು. ಇವುಗಳ ಪ್ರಮಾಣಕ್ಕೂ ಹೂವನ್ನರಸಿ ಬರುವ ಅತಿಥಿಗೂ ಸಂಬಂಧವಿದೆಯೆಂಬುದಕ್ಕೆ ಅವರೆ ತೊಗರಿಗಳ ಕುಲವಾದ ಶಿಂಬೀವರ್ಗದಲ್ಲಿ ಪಾರಿಭದ್ರವು ಒಳ್ಳೆಯ ನಿದರ್ಶನವಾಗಿದೆ.

ಪಾರಿಭದ್ರವೆಂದರೆ ಕನ್ನಡದ ಹಾಲುವಾಣ; ಕಾಫಿಯ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ, ಮೆಣಸಿನ ಬಳ್ಳಿಗೆ ಆಸರೆಯಾಗುವ ಮುಳ್ಳಿನ ಮರ. (ಅಮರಸಿಂಹನು ಇದಕ್ಕೆ ಪಾರಿಜಾತಕವೆಂಬ ಹೆಸರನ್ನೂ ಕೊಟ್ಟಿರುವುದರಿಂದ, ಇರುಳಿನಲ್ಲಿ ಅರಳುವ ಇಂದಿನ ಬಿಳಿಯ ಪಾರಿಜಾತವೇ ಇದೆಂದು ಭ್ರಮಿಸಕೂಡದು.) ಎಲೆಯುದುರಿದ ಬರಿಗೊಂಬೆಗಳ ತುದಿಯಲ್ಲಿ ಇದರ ಕೆಂಪು ಗೊಂಚಲು ಅರಳಿತೆಂದರೆ ಗೊರವಂಕ, ಕಾಗೆ, ಪಿಕಳಾರ, ಕಾಜಾಣಗಳ ಸಂತೆಯೇ ನೆರೆಯುವುದು. ಗೊಂಚಲಿನ ದಂಟೇ ಅವಕ್ಕೆ ಪೀಠ. ಅಮೆರಿಕ ಖಂಡದಲ್ಲಿರುವ ಇದರ ಸಜಾತೀಯ ವೃಕ್ಷಗಳಾದರೋ ಹೆಚ್ಚಾಗಿ ಗಾಳಿಯಲ್ಲಿ ನಿಂತೇ ರಸ ಹೀರುವ ಹಮ್ಮಿಂಗ್ ಹಕ್ಕಿಯನ್ನು ನೆಚ್ಚಿವೆ. ಅವುಗಳ ಹೂ ಕೊಳವೆಯಂತೆ ನೀಳವಾದುದು, ಹಕ್ಕಿ ಕೂರಲು ಅಲ್ಲಿ ಎಡೆಯಿಲ್ಲ.

ಹರ್ಬರ್ಟ್ ಬೇಕರ್ ಮತ್ತು ಐರೀನ್ ಬೇಕರ್ ದಂಪತಿಗಳು 1980ರ ದಶಕದ ಆದಿಯಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ, ಹಮ್ಮಿಂಗ್ ಹಕ್ಕಿಯ ಹೂಗಳಲ್ಲಿ ಇಕ್ಷುಶರ್ಕರೆಯೂ, ಕುಳಿತು ಉಣ್ಣುವ ಹಕ್ಕಿಗಳ ಹೂಗಳಲ್ಲಿ ಉಳಿದೆರಡು ಶರ್ಕರೆಗಳೂ ಪ್ರಧಾನವೆಂದು ತಿಳಿದುಬಂದಿತು. ಇದರ ಕಾರಣವನ್ನು ಹಕ್ಕಿಯ ಕರುಳಿನಲ್ಲಿ ಹುಡುಕಬೇಕು. ಇಕ್ಷುಶರ್ಕರೆಯು ರಕ್ತಗತವಾಗಬೇಕಾದರೆ ಮೊದಲು ಅದು ಎರಡಾಗಿ ಒಡೆಯಬೇಕು. ಒಡೆಯುವ ಕಿಣ್ವಕ್ಕೆ ಸುಕ್ರೇಸ್ ಎಂದು ಹೆಸರು. ಹಮ್ಮಿಂಗ್ ಹಕ್ಕಿಯಲ್ಲಿ ಅದು ಸಮೃದ್ಧವಾಗಿದೆ. ನಮ್ಮ ಗೊರವಂಕದ ಕುಟುಂಬಕ್ಕೇ ಸೇರಿದ ಯುರೋಪಿನ ಸ್ಟಾರ್ಲಿಂಗ್ ಹಕ್ಕಿಯಲ್ಲಿ ಅದು ಇಲ್ಲವೆಂಬುದನ್ನು ಮಾರ್ಟಿನೆಸ್ ಡೆಲ್ ರಿಯೊ ಮತ್ತು ಸ್ಟೀವನ್ಸ್ ಎಂಬವರು 1989ರಲ್ಲಿ ತೋರಿಸಿಕೊಟ್ಟರು. ಅಂಥ ಹಕ್ಕಿಗೆ ಕಬ್ಬಿನ ಸಕ್ಕರೆ ಆಹಾರವಲ್ಲ, ಅತಿಸಾರಕ್ಕೆ ಕಾರಣ.

ಇದು ಕೇವಲ ವಂಶಾನುಗತ ಗುಣವೆನ್ನಬಹುದೆ? ಈ ವೃಕ್ಷಜಾತಿಯಲ್ಲಿ ಕುಳಿತು ಉಣ್ಣುವ ಹಕ್ಕಿಗಳ ಸ್ನೇಹವೇ ಪ್ರಾಚೀನವಾದುದೆಂದೂ, ಹಮ್ಮಿಂಗ್ ಹಕ್ಕಿಯ ಸಂಬಂಧವು ಬೇರೆ ಬೇರೆಯಾಗಿ ಕನಿಷ್ಠಪಕ್ಷ ನಾಲ್ಕು ಬಾರಿ ಉಂಟಾಯಿತೆಂದೂ ಆನ್ ಬ್ರೂನೋ ಅವರು 1997ರಲ್ಲಿ ಪ್ರತಿಪಾದಿಸಿದ್ದಾರೆ. ಆದುದರಿಂದ ವಂಶವೊಂದನ್ನೇ ಹೊಣೆಮಾಡುವುದು ಯುಕ್ತವಲ್ಲ. ಹಾಗೆಂದು ಹಕ್ಕಿಯ ಹೂವಿಗೆಲ್ಲ ಇಂಥದೇ ಸಕ್ಕರೆಯೆಂದು ಸೂತ್ರ ಕಟ್ಟುವುದೂ ದುಡುಕೇ ಸರಿ. ಸೂರಕ್ಕಿಯು ಇಕ್ಷುಶರ್ಕರೆಯನ್ನೂ ಚೆನ್ನಾಗಿ ಅರಗಿಸಿಕೊಳ್ಳಬಲ್ಲುದು, ಹಾಲುವಾಣದ ಗೊಂಚಲಿಗೂ ಅದು ತಪ್ಪದೆ ಬರುತ್ತದೆ.